ಪಾಲಿಮರ್ ಫಿಲ್ಮ್‌ನೊಳಗೆ ಕರೆಂಟ್ ಹೇಗೆ ಹರಿಯುತ್ತದೆ: ಹೈ ಫೀಲ್ಡ್ ಅಳತೆ ಮಾಡಿ ಕಂಡಕ್ಷನ್ ಬಗೆ ಗುರುತಿಸಲು ಸಮಗ್ರ ಮಾರ್ಗದರ್ಶಿ

ಎಂ.ಎಸ್‌ಸಿ., ಎಂ.ಟೆಕ್. ಪ್ರಾಜೆಕ್ಟ್ ವರದಿಗಳಲ್ಲಿ ಒಂದು ಗ್ರಾಫ್ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅಡ್ಡ ಅಕ್ಷದಲ್ಲಿ ವೋಲ್ಟೇಜಿನ ವರ್ಗಮೂಲ, ಉದ್ದ ಅಕ್ಷದಲ್ಲಿ ಕರೆಂಟಿನ ಲಾಗ್. ಐದಾರು ಬಿಂದು, ಅವುಗಳ ಮೇಲೊಂದು ನೇರ ಗೆರೆ. ಕೆಳಗೆ ತೀರ್ಮಾನ: ಇದು ಪೂಲ್-ಫ್ರೆಂಕೆಲ್ ಕಂಡಕ್ಷನ್, ಅಂದರೆ ಫಿಲ್ಮ್‌ನೊಳಗೆ ಸಿಕ್ಕಿಕೊಂಡ ಎಲೆಕ್ಟ್ರಾನ್‌ಗಳು ಫೀಲ್ಡ್‌ನ ಸಹಾಯದಿಂದ ಬಿಡಿಸಿಕೊಂಡು ಕರೆಂಟ್ ಒಯ್ಯುವ ಬಗೆ.

ಗೆರೆ ನೇರವಾಗಿ ಬಂತು ಅನ್ನುವ ಒಂದೇ ಕಾರಣಕ್ಕೆ ಅಷ್ಟು ಹೇಳಲು ಬರುವುದಿಲ್ಲ. ಎಷ್ಟೋ ಸಲ ಆ ಬಿಂದುಗಳೇ ಕಂಡಕ್ಷನ್ ಕರೆಂಟ್, ಅಂದರೆ ಫಿಲ್ಮ್ ಮೂಲಕ ನಿಜವಾಗಿ ಹರಿದು ಹೋಗುವ ಕರೆಂಟ್, ಅಲ್ಲ. ಫಿಲ್ಮ್ ಇನ್ನೂ ಚಾರ್ಜ್ ಆಗುತ್ತಿರುವಾಗ ಬರೆದುಕೊಂಡ ಅಂಕಿಗಳು ಅವು. ತಪ್ಪು ಗ್ರಾಫ್‌ನಲ್ಲಿ ಶುರುವಾಗುವುದಿಲ್ಲ, ಅಳತೆಯ ಕ್ರಮದಲ್ಲೇ ಶುರುವಾಗುತ್ತದೆ. ಅದಕ್ಕೇ ಈ ಮಾರ್ಗದರ್ಶಿ ಕ್ರಮಕ್ಕೆ ಜಾಸ್ತಿ ಗಮನ ಕೊಡುತ್ತದೆ.

ಉದಾಹರಣೆಗೆ 12 ಮೈಕ್ರೋಮೀಟರ್ ದಪ್ಪದ ಪಿಇಟಿ, ಅಂದರೆ ಪಾಲಿಯೆಸ್ಟರ್ ಫಿಲ್ಮ್ ತಗೊಂಡಿದ್ದೇನೆ. ಸುಲಭವಾಗಿ ಸಿಗುತ್ತದೆ, ದಪ್ಪ ಒಂದೇ ಸಮ ಇರುತ್ತದೆ. ಪಾಲಿಪ್ರೊಪಿಲೀನ್, ಪಾಲಿಇಮೈಡ್ ಫಿಲ್ಮ್‌ಗಳಿಗೂ ಇದೇ ದಾರಿ. ಆದರೆ ಪಿವಿಡಿಎಫ್ ಅನ್ನುವ ಪಾಲಿಮರ್‌ನಿಂದ ಶುರು ಮಾಡಬೇಡಿ. ಅದು ಫೆರೋಎಲೆಕ್ಟ್ರಿಕ್. ಮೈಕ್ರೋಮೀಟರ್‌ಗೆ 50 ವೋಲ್ಟ್ ಆಸುಪಾಸಿನಲ್ಲಿ ಅದರ ಡೈಪೋಲ್‌ಗಳು (ಒಂದು ತುದಿ ಧನ, ಇನ್ನೊಂದು ತುದಿ ಋಣ ಇರುವ ಅಣುಭಾಗಗಳು) ದಿಕ್ಕು ಬದಲಿಸುತ್ತವೆ. ಆ ಸ್ವಿಚಿಂಗ್ ಕರೆಂಟ್ ಕಂಡಕ್ಷನ್ ಕರೆಂಟನ್ನು ಮುಚ್ಚಿಹಾಕುತ್ತದೆ.

## ಹಂತ 1: ಸ್ವಿಚ್ ಹಾಕುವ ಮುಂಚೆ ಮೂರು ಲೆಕ್ಕ

ಮೊದಲನೆಯದು ಫೀಲ್ಡ್. ವೋಲ್ಟೇಜನ್ನು ದಪ್ಪದಿಂದ ಭಾಗಿಸಿದರೆ ಸಿಗುತ್ತದೆ. 12 ಮೈಕ್ರೋಮೀಟರ್ ಫಿಲ್ಮ್‌ಗೆ 1200 ವೋಲ್ಟ್ ಕೊಟ್ಟರೆ ಮೈಕ್ರೋಮೀಟರ್‌ಗೆ 100 ವೋಲ್ಟ್. ಮೀಟರ್ ಲೆಕ್ಕದಲ್ಲಿ 10 ಕೋಟಿ ವೋಲ್ಟ್. ಇಷ್ಟು ಫೀಲ್ಡ್‌ನಲ್ಲಿ ಓಮ್ ನಿಯಮ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಆದರೆ ಒಳ್ಳೆಯ ಪಿಇಟಿ ಫಿಲ್ಮ್ ಒಡೆಯುವ ಮಟ್ಟಕ್ಕೂ ಹೋಗಿರುವುದಿಲ್ಲ. ನಮಗೆ ಬೇಕಾದ ಜಾಗ ಇದೇ. ದಪ್ಪವನ್ನು ಮಾತ್ರ ಪ್ಯಾಕೆಟ್ ಮೇಲೆ ನೋಡಿ ಬರೆದುಕೊಳ್ಳಬೇಡಿ. ಮೈಕ್ರೋಮೀಟರ್ ಗೇಜ್‌ನಲ್ಲಿ ಐದಾರು ಕಡೆ ಅಳೆಯಿರಿ. ದಪ್ಪದಲ್ಲಿ ಶೇ. 5 ತಪ್ಪಿದರೆ ಫೀಲ್ಡ್‌ನಲ್ಲೂ ಶೇ. 5 ತಪ್ಪುತ್ತದೆ. ಆಮೇಲೆ ಅದು ಎಕ್ಸ್‌ಪೊನೆನ್ಶಿಯಲ್ ಒಳಗೆ ಹೋಗಿ ದೊಡ್ಡದಾಗುತ್ತದೆ.

ಎರಡನೆಯದು ಕೆಪಾಸಿಟನ್ಸ್. 20 ಮಿಲಿಮೀಟರ್ ವ್ಯಾಸದ ಎಲೆಕ್ಟ್ರೋಡ್, ಡೈಎಲೆಕ್ಟ್ರಿಕ್ ಸ್ಥಿರಾಂಕ 3.2 ಅಂತ ಇಟ್ಟುಕೊಂಡರೆ ಸುಮಾರು 740 ಪಿಕೊಫ್ಯಾರಡ್ ಬರುತ್ತದೆ. ಕೆಪಾಸಿಟನ್ಸ್ ಅಳೆಯುವ ಎಲ್‌ಸಿಆರ್ ಮೀಟರ್‌ನಲ್ಲಿ ಬಂದದ್ದು ಇದಕ್ಕೆ ಹತ್ತಿರ ಇರಬೇಕು. ತುಂಬ ಕಡಿಮೆ ಇದ್ದರೆ ಎಲೆಕ್ಟ್ರೋಡ್ ಮತ್ತು ಫಿಲ್ಮ್ ನಡುವೆ ಗಾಳಿ ಕೂತಿದೆ ಅಂತ ಅರ್ಥ.

ಮೂರನೆಯದು ಎಷ್ಟು ಕರೆಂಟ್ ಬರಬಹುದು ಅನ್ನುವ ಅಂದಾಜು. ಒಣಗಿದ ಪಿಇಟಿಯ ರೆಸಿಸ್ಟಿವಿಟಿ ಕೋಣೆಯ ಉಷ್ಣತೆಯಲ್ಲಿ 10¹⁶ ಓಮ್-ಮೀಟರ್ ಮಟ್ಟದ್ದು. ಮೈಕ್ರೋಮೀಟರ್‌ಗೆ 10 ವೋಲ್ಟ್ ಇರುವಾಗ ನಮ್ಮ ಎಲೆಕ್ಟ್ರೋಡ್‌ನಲ್ಲಿ ಬರುವುದು ಒಂದು ಪಿಕೊಆಂಪಿಯರ್‌ಗಿಂತಲೂ ಕಡಿಮೆ.

ಈಗ ಎರಡನೆಯ ಲೆಕ್ಕವನ್ನು ಮೂರನೆಯದರ ಪಕ್ಕ ಇಡಿ. ಪವರ್ ಸಪ್ಲೈ ಸೆಕೆಂಡಿಗೆ ಬರೀ 1 ಮಿಲಿವೋಲ್ಟ್‌ನಂತೆ ಮೇಲೆ ಸರಿಯುತ್ತಿದ್ದರೂ 740 ಪಿಕೊಫ್ಯಾರಡ್‌ನಲ್ಲಿ 0.74 ಪಿಕೊಆಂಪಿಯರ್ ಹರಿಯುತ್ತದೆ. ನೀವು ಹುಡುಕುತ್ತಿರುವ ಕರೆಂಟಿನಷ್ಟೇ ಇದು! ಕಡಿಮೆ ಫೀಲ್ಡ್‌ನ ಬಿಂದುಗಳು ಯಾಕೆ ಅಷ್ಟು ಕುಣಿಯುತ್ತವೆ ಅಂತ ಕೇಳುವವರಿಗೆ ಬಹುಪಾಲು ಉತ್ತರ ಇಲ್ಲೇ ಇದೆ.

## ಹಂತ 2: ಏನೇನು ಬೇಕು

ಪಿಕೊಆಂಪಿಯರ್ ಮಟ್ಟದ ಕರೆಂಟ್ ಅಳೆಯುವ ಎಲೆಕ್ಟ್ರೋಮೀಟರ್ ಬೇಕೇ ಬೇಕು. ಮಾಮೂಲಿ ಮಲ್ಟಿಮೀಟರ್‌ನಿಂದ ಈ ಕೆಲಸ ಆಗುವುದಿಲ್ಲ. ಕೆಲವು ಎಲೆಕ್ಟ್ರೋಮೀಟರ್‌ಗಳ ಒಳಗೇ 1000 ವೋಲ್ಟ್ ಸೋರ್ಸ್ ಇರುತ್ತದೆ. 12 ಮೈಕ್ರೋಮೀಟರ್ ಫಿಲ್ಮ್‌ಗೆ ಅದರಿಂದ ಮೈಕ್ರೋಮೀಟರ್‌ಗೆ 83 ವೋಲ್ಟ್ ತನಕ ಹೋಗಬಹುದು. 23 ಮೈಕ್ರೋಮೀಟರ್ ಫಿಲ್ಮ್‌ಗೆ 43ಕ್ಕೇ ನಿಂತುಹೋಗುತ್ತದೆ. ಬೇರೆ ಬೇರೆ ದಪ್ಪ ಹೋಲಿಸಬೇಕಾಗುವುದರಿಂದ 3 ಕಿಲೋವೋಲ್ಟ್‌ನ ಸ್ಥಿರವಾದ ಡಿಸಿ ಸಪ್ಲೈ ಒಂದನ್ನು ಬೇರೆಯಾಗಿ ಇಟ್ಟುಕೊಳ್ಳಿ. ಕರೆಂಟ್ ಮಿತಿ ಹಾಕಲು ಬರುವಂಥದ್ದೇ ಆಗಬೇಕು.

ಉಳಿದ ಸಲಕರಣೆ: ಟ್ರೈಆಕ್ಸಿಯಲ್ ಕೇಬಲ್, ಭೂಮಿಗೆ ಜೋಡಿಸಿದ ಲೋಹದ ಪೆಟ್ಟಿಗೆ, ಟೆಫ್ಲಾನ್ ಇನ್ಸುಲೇಟರ್ ಇರುವ ಫಿಕ್ಸ್ಚರ್, ಉಷ್ಣತೆ ಕಾಯುವ ಹೀಟರ್, ಥರ್ಮೋಕಪಲ್. ಹೈ ವೋಲ್ಟೇಜ್ ದಾರಿಯಲ್ಲಿ 10 ಮೆಗಾಓಮ್ ರೆಸಿಸ್ಟರ್ ಒಂದನ್ನು ಸೀರೀಸ್‌ನಲ್ಲಿ ಹಾಕಿ. ಅದು ಆ ವೋಲ್ಟೇಜಿಗೆ ರೇಟ್ ಆಗಿರಲಿ. ಫಿಲ್ಮ್ ಒಡೆದಾಗ ಎಲೆಕ್ಟ್ರೋಮೀಟರ್‌ಗೆ ಹೋಗುವ ಹೊಡೆತವನ್ನು ಇದು ತಗ್ಗಿಸುತ್ತದೆ. ಪಿಕೊಆಂಪಿಯರ್ ಕರೆಂಟಿಗೆ ಅದರಲ್ಲಿ ಇಳಿಯುವ ವೋಲ್ಟೇಜ್ ಲೆಕ್ಕಕ್ಕೇ ಬರುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಪೆಟ್ಟಿಗೆಯ ಬಾಗಿಲು ತೆಗೆದ ಕೂಡಲೇ ಸಪ್ಲೈ ಆರುವ ಇಂಟರ್‌ಲಾಕ್ ಇರಲಿ. ಮುಟ್ಟುವ ಮುಂಚೆ ಅರ್ಥಿಂಗ್ ಕೋಲಿನಿಂದ ಡಿಸ್ಚಾರ್ಜ್ ಮಾಡಿ, ಎರಡೂ ಎಲೆಕ್ಟ್ರೋಡ್ ಶಾರ್ಟ್ ಮಾಡಿಯೇ ಇಡಿ. ಒಮ್ಮೆ ಡಿಸ್ಚಾರ್ಜ್ ಮಾಡಿ ಬಿಟ್ಟರೆ ಸಾಲದು. ಫಿಲ್ಮ್‌ನೊಳಗೆ ಉಳಿದ ಚಾರ್ಜ್‌ನಿಂದ ವೋಲ್ಟೇಜ್ ಮತ್ತೆ ಏರುತ್ತದೆ. ಈ ಕೆಲಸವನ್ನು ಒಬ್ಬರೇ ಇರುವಾಗ ಮಾಡಬೇಡಿ.

## ಹಂತ 3: ಸ್ಯಾಂಪಲ್ ತಯಾರಿ

ಫಿಲ್ಮನ್ನು ಅಂಚಿನಲ್ಲಿ ಮಾತ್ರ, ಗ್ಲೌಸ್ ಹಾಕಿ ಹಿಡಿಯಿರಿ. ಬೆರಳಿನ ಬೆವರಿನ ಉಪ್ಪು ಮೇಲ್ಮೈಯಲ್ಲಿ ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಪಿಇಟಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಬಹುದು. ಪಾಲಿಸ್ಟೈರೀನ್ ಅಥವಾ ಪಿಎಂಎಂಎ ಆದರೆ ಅಸಿಟೋನ್ ಹತ್ತಿರವೂ ತರಬೇಡಿ, ಕರಗಿಯೇ ಹೋಗುತ್ತದೆ.

ಆಮೇಲೆ ಒಣಗಿಸುವುದು. ಇದನ್ನು ಬಿಟ್ಟವರು ಪಾಲಿಮರ್ ಬದಲು ನೀರನ್ನು ಅಳೆಯುತ್ತಿರುತ್ತಾರೆ. ಪಾಲಿಇಮೈಡ್ ಫಿಲ್ಮ್ ಶೇ. 50ರ ತೇವಾಂಶದಲ್ಲಿ ತನ್ನ ತೂಕದ ಸುಮಾರು ಶೇ. 1.8ರಷ್ಟು ನೀರು ಹೀರಿಕೊಳ್ಳುತ್ತದೆ. ಪಿಇಟಿ ಅದಕ್ಕಿಂತ ಕಡಿಮೆ ಹೀರುತ್ತದೆ, ಆದರೆ ಹೀರುವುದಂತೂ ನಿಜ. ಮಳೆಗಾಲದಲ್ಲಿ ಮಂಗಳೂರು, ಉಡುಪಿ, ಕಾರವಾರದ ಲ್ಯಾಬ್‌ಗಳಲ್ಲಿ ತೆಗೆದ ಅಂಕಿಗಳು ಬೇಸಿಗೆಯ ಅಂಕಿಗಳಿಗೆ ಹೊಂದದೇ ಹೋದರೆ ಮೊದಲು ಅನುಮಾನ ಪಡಬೇಕಾದ್ದು ತೇವವನ್ನೇ. ವ್ಯಾಕ್ಯೂಮ್ ಓವನ್‌ನಲ್ಲಿ 60 ಡಿಗ್ರಿಯಲ್ಲಿ ರಾತ್ರಿಯಿಡೀ ಇಡಿ. ಪಿಇಟಿಯ ಗ್ಲಾಸ್ ಟ್ರಾನ್ಸಿಷನ್, ಅಂದರೆ ಗಡಸು ಪಾಲಿಮರ್ ಮೆದುವಾಗತೊಡಗುವ ಉಷ್ಣತೆ, 70ರಿಂದ 80 ಡಿಗ್ರಿ ಮಧ್ಯೆ ಬರುತ್ತದೆ, ಅದನ್ನು ದಾಟಿಸಬೇಡಿ.

ಎಲೆಕ್ಟ್ರೋಡ್‌ಗೆ ವ್ಯಾಕ್ಯೂಮ್‌ನಲ್ಲಿ ಆವಿ ಮಾಡಿ ಕೂರಿಸಿದ ಅಲ್ಯೂಮಿನಿಯಂ ಅಥವಾ ಚಿನ್ನ ಸರಿ. 50ರಿಂದ 100 ನ್ಯಾನೋಮೀಟರ್ ಸಾಕು. ಬಿಸಿಯಿಂದ ಫಿಲ್ಮ್ ಸುಕ್ಕಾಗದಂತೆ ಬಿಟ್ಟು ಬಿಟ್ಟು ಲೇಪಿಸಿ. ಸಿಲ್ವರ್ ಪೇಂಟ್ ಬೇಡ. ಅದರ ಸಾಲ್ವೆಂಟ್ ಫಿಲ್ಮ್‌ನೊಳಗೆ ಇಳಿಯುತ್ತದೆ. ಬರೀ ಲೋಹದ ಬಿಲ್ಲೆಯನ್ನು ಒತ್ತಿ ಹಿಡಿಯುವುದಂತೂ ಬೇಡವೇ ಬೇಡ. ನಡುವೆ ಉಳಿಯುವ ಗಾಳಿಯ ಸಂದುಗಳಲ್ಲಿ ಡಿಸ್ಚಾರ್ಜ್ ಶುರುವಾಗುತ್ತದೆ. ವಾತಾವರಣದ ಒತ್ತಡದಲ್ಲಿ ಏಳೆಂಟು ಮೈಕ್ರೋಮೀಟರ್ ಗಾಳಿಯ ಸಂದು ಸುಮಾರು 330 ವೋಲ್ಟ್‌ಗೇ ಒಡೆಯುತ್ತದೆ. ನಾವು ಹೋಗುತ್ತಿರುವುದು 1000 ದಾಟಿ.

ಅಳೆಯುವ ಎಲೆಕ್ಟ್ರೋಡ್ ಸುತ್ತ ಗಾರ್ಡ್ ರಿಂಗ್ ಇರಲಿ, ಅದನ್ನು ಭೂಮಿಗೆ ಜೋಡಿಸಿ. ಮೇಲ್ಮೈ ಮೇಲೆ ಹರಿದು ಬರುವ ಕರೆಂಟ್ ರಿಂಗಿಗೆ ಹೋಗುತ್ತದೆ, ಮೀಟರಿಗೆ ಬರುವುದಿಲ್ಲ. ವಿಸ್ತೀರ್ಣ ಲೆಕ್ಕ ಹಾಕುವಾಗ ಎಲೆಕ್ಟ್ರೋಡ್ ವ್ಯಾಸಕ್ಕೆ ಒಂದು ಸಂದಿನ ಅಗಲ ಸೇರಿಸಿ.

## ಹಂತ 4: ಸ್ಯಾಂಪಲ್ ಇಲ್ಲದೆ ಒಂದು ಪೂರ್ತಿ ಓಟ

ಜಾಸ್ತಿ ಜನ ಬಿಡುವ ಹಂತ ಇದು. ಫಿಲ್ಮ್ ಹಾಕದೆ ಎಲೆಕ್ಟ್ರೋಡ್‌ಗಳನ್ನು ಕೆಲವು ಮಿಲಿಮೀಟರ್ ದೂರ ಇಟ್ಟು, ಆಮೇಲೆ ಕೊಡಲಿರುವ ವೋಲ್ಟೇಜನ್ನೆಲ್ಲ ಕೊಟ್ಟು ನೋಡಿ. ಈಗ ಬರುವ ಕರೆಂಟ್ ನಿಮ್ಮ ಫಿಕ್ಸ್ಚರ್‌ನದ್ದು. ಸ್ಯಾಂಪಲ್‌ನ ಕರೆಂಟ್ ಇದಕ್ಕಿಂತ ಹತ್ತು ಪಟ್ಟಾದರೂ ಜಾಸ್ತಿ ಇರುವ ಕಡೆ ಮಾತ್ರ ನಿಮ್ಮ ಅಂಕಿ ನಂಬಬಹುದು.

ಕೇಬಲನ್ನು ಸ್ವಲ್ಪ ಅಲ್ಲಾಡಿಸಿ ಮೀಟರ್ ನೋಡಿ. ಕೇಬಲ್ ಒಳಗಿನ ಉಜ್ಜಾಟಕ್ಕೇ ಕರೆಂಟ್ ಹುಟ್ಟುತ್ತದೆ. ಪಕ್ಕದಲ್ಲಿ ಯಾರಾದರೂ ನಡೆದು ಹೋದಾಗ ಮುಳ್ಳು ಕುಣಿದರೆ ಪೆಟ್ಟಿಗೆಯ ಅರ್ಥಿಂಗ್ ಸರಿಯಿಲ್ಲ. ಇದೆಲ್ಲ ಸರಿಯಾಗುವ ತನಕ ಮುಂದೆ ಹೋಗಬೇಡಿ.

ವ್ಯಾಕ್ಯೂಮ್ ಚೇಂಬರ್ ಬಳಸುವವರಿಗೆ ಇನ್ನೊಂದು ಮಾತು. ಪಂಪ್ ಓಡುತ್ತಿರುವಾಗ ವೋಲ್ಟೇಜ್ ಕೊಡಬೇಡಿ. ಒತ್ತಡ ಇಳಿಯುವ ದಾರಿಯಲ್ಲಿ ಗಾಳಿ ಸುಲಭವಾಗಿ ಒಡೆಯುವ ಘಟ್ಟವೊಂದು ಬರುತ್ತದೆ, ಎಲೆಕ್ಟ್ರೋಡ್ ಅಂಚಿನಲ್ಲಿ ಫ್ಲ್ಯಾಶ್‌ಓವರ್ (ಮೇಲ್ಮೈ ಮೇಲೆ ಕಿಡಿ ಹಾರುವುದು) ಆಗುತ್ತದೆ. ಪೂರ್ತಿ ವ್ಯಾಕ್ಯೂಮ್ ಬಂದ ಮೇಲೆ ಕೊಡಿ. ಇಲ್ಲವಾದರೆ ವಾತಾವರಣದ ಒತ್ತಡದಲ್ಲೇ ಒಣ ನೈಟ್ರೋಜನ್ ತುಂಬಿ ಅಳೆಯಿರಿ.

## ಹಂತ 5: ಒಂದೇ ವೋಲ್ಟೇಜ್ ಕೊಟ್ಟು ಕಾಯಿರಿ

ಇಡೀ ಕೆಲಸದ ಮುಖ್ಯ ಭಾಗ ಇದು. ಅವಸರ ಮಾಡಿದರೆ ಮುಂದಿನದೆಲ್ಲ ದಂಡ.

ವೋಲ್ಟೇಜ್ ಕೊಟ್ಟ ಕೂಡಲೇ ಮೂರು ಕರೆಂಟ್ ಒಟ್ಟಿಗೆ ಬರುತ್ತವೆ. ಕೆಪಾಸಿಟರ್ ತುಂಬುವ ಕರೆಂಟ್ ಬೇಗ ಮುಗಿಯುತ್ತದೆ. ಕೊನೆಯ ತನಕ ಉಳಿಯುವುದು ಕಂಡಕ್ಷನ್ ಕರೆಂಟ್. ಇವೆರಡರ ಮಧ್ಯೆ ಅಬ್ಸಾರ್ಪ್ಶನ್ ಕರೆಂಟ್ ಇದೆ. ಡೈಪೋಲ್‌ಗಳು ನಿಧಾನವಾಗಿ ತಿರುಗುವುದು, ಚಾರ್ಜ್‌ಗಳು ಟ್ರ್ಯಾಪ್‌ಗಳಲ್ಲಿ (ಅವನ್ನು ಹಿಡಿದಿಡುವ ಜಾಗಗಳಲ್ಲಿ) ಸಿಕ್ಕಿಕೊಳ್ಳುವುದು ಇದಕ್ಕೆ ಕಾರಣ. ಇದು ಕಾಲದ ಜೊತೆ ಪವರ್ ಲಾ ಪ್ರಕಾರ ಇಳಿಯುತ್ತದೆ. ಪಿಇಟಿಯಲ್ಲಿ ಕೋಣೆಯ ಉಷ್ಣತೆಗೆ ಗಂಟೆಗಟ್ಟಲೆ ಇರುತ್ತದೆ.

ರೆಸಿಸ್ಟಿವಿಟಿ ಪರೀಕ್ಷೆಯ ಸ್ಟ್ಯಾಂಡರ್ಡ್‌ಗಳಲ್ಲಿ 60 ಸೆಕೆಂಡಿಗೆ ಓದಿ ಅಂತ ಇರುತ್ತದೆ. ಒಂದು ವಸ್ತುವನ್ನು ಇನ್ನೊಂದಕ್ಕೆ ಹೋಲಿಸಲು ಎಲ್ಲರೂ ಒಪ್ಪಿಕೊಂಡ ಸಮಯ ಅದು. ಕರೆಂಟ್ ನಿಂತಿದೆ ಅನ್ನುವುದಕ್ಕೆ ಗುರುತಲ್ಲ. ಕಂಡಕ್ಷನ್ ಬಗೆ ಹುಡುಕುವವರು ಆ 60 ಸೆಕೆಂಡಿನ ಅಂಕಿಯನ್ನು ಬಳಸಲೇಬಾರದು.

ಹೀಗೆ ಮಾಡಿ. ಕರೆಂಟನ್ನು ಸೆಕೆಂಡಿಗೊಮ್ಮೆ ದಾಖಲಿಸಿ. ಕರೆಂಟ್ ಮತ್ತು ಸಮಯ ಎರಡನ್ನೂ ಲಾಗ್ ಅಕ್ಷದಲ್ಲಿ ಹಾಕಿ. ಗೆರೆ ಒಂದೇ ಇಳಿಜಾರಿನಲ್ಲಿ ಇಳಿಯುತ್ತಿದ್ದರೆ ಅದು ಅಬ್ಸಾರ್ಪ್ಶನ್. ಬಾಗಿ ಮಟ್ಟಸವಾದಾಗ ಸಿಗುವುದು ಕಂಡಕ್ಷನ್. ಮಟ್ಟಸ ಆಗದೇ ಇದ್ದರೆ ಇನ್ನೂ ಕಾಯಿರಿ, ಇಲ್ಲವೇ ಉಷ್ಣತೆ 50 ಡಿಗ್ರಿಗೆ ಏರಿಸಿ. ಬಿಸಿಯಲ್ಲಿ ಕಂಡಕ್ಷನ್ ಕರೆಂಟ್ ಜಾಸ್ತಿಯಾಗುತ್ತದೆ, ಬೇಗ ಹೊರಗೆ ಕಾಣುತ್ತದೆ.

ಆಮೇಲೆ ವೋಲ್ಟೇಜ್ ತೆಗೆದು, ಶಾರ್ಟ್ ಮಾಡಿ, ವಾಪಸ್ ಹರಿಯುವ ಕರೆಂಟನ್ನೂ ಅಷ್ಟೇ ಹೊತ್ತು ದಾಖಲಿಸಿ. ಚಾರ್ಜ್ ಆಗುವಾಗಿನ ಕರೆಂಟ್, ವಾಪಸ್ ಬರುವ ಕರೆಂಟ್ ಎರಡೂ ಒಂದೇ ಅಳತೆಯಲ್ಲಿದ್ದರೆ ನೀವು ಕಂಡಕ್ಷನ್ ನೋಡಿಯೇ ಇಲ್ಲ. ಕಂಡಕ್ಷನ್ ಕರೆಂಟ್ ವಾಪಸ್ ಬರುವುದಿಲ್ಲ, ಅಲ್ವಾ? ಕಡಿಮೆ ಫೀಲ್ಡ್‌ನಲ್ಲಿ ಎರಡರ ವ್ಯತ್ಯಾಸವನ್ನೇ ಕಂಡಕ್ಷನ್ ಅಂತ ತಗೊಳ್ಳಬಹುದು. ಜಾಸ್ತಿ ಫೀಲ್ಡ್‌ನಲ್ಲಿ ಫಿಲ್ಮ್‌ನೊಳಗೆ ಶೇಖರವಾದ ಚಾರ್ಜ್, ಅಂದರೆ ಸ್ಪೇಸ್ ಚಾರ್ಜ್, ಕೂತಿರುತ್ತದೆ, ಅಲ್ಲಿ ಈ ಕಳೆಯುವ ಲೆಕ್ಕ ನಿಲ್ಲುವುದಿಲ್ಲ.

## ಹಂತ 6: ವೋಲ್ಟೇಜ್ ಏರಿಸುವ ಕ್ರಮ

ಯಾವಾಗಲೂ ಕಡಿಮೆಯಿಂದ ಜಾಸ್ತಿಗೆ. ಒಮ್ಮೆ ಮೇಲಿನ ಫೀಲ್ಡ್ ನೋಡಿದ ಫಿಲ್ಮ್‌ನೊಳಗೆ ಚಾರ್ಜ್ ಕೂತಿರುತ್ತದೆ. ಅದೇ ಫಿಲ್ಮ್‌ನಲ್ಲಿ ಕೆಳಗಿನ ಬಿಂದುವನ್ನು ಮತ್ತೆ ಅಳೆದರೆ ಬೇರೆಯೇ ಅಂಕಿ ಬರುತ್ತದೆ. ಕೆಲವೊಮ್ಮೆ ಕರೆಂಟ್ ಉಲ್ಟಾ ದಿಕ್ಕಿನಲ್ಲೂ ಹರಿಯುತ್ತದೆ.

ವರ್ಗಮೂಲದ ಅಕ್ಷದಲ್ಲಿ ಬಿಂದುಗಳು ಸಮ ದೂರದಲ್ಲಿ ಕೂರುವ ಹಾಗೆ ವೋಲ್ಟೇಜ್ ಆರಿಸಿ. ಮೈಕ್ರೋಮೀಟರ್‌ಗೆ 5ರಿಂದ 100 ವೋಲ್ಟ್ ತನಕ ಹನ್ನೆರಡು ಬಿಂದುವಾದರೂ ಬೇಕು. ಪ್ರತಿ ಬಿಂದುವಿನಲ್ಲೂ ಹಂತ 5ರ ಕಾಯುವಿಕೆ ಪೂರ್ತಿ ಆಗಬೇಕು. ಮುಂದಿನ ದಿನ ಹೊಸ ತುಂಡು ಫಿಲ್ಮ್ ಹಾಕಿ ಮತ್ತೆ ಮಾಡಿ. ಎರಡು ಓಟ ಹೊಂದದಿದ್ದರೆ ಮೂರನೆಯದು ಮಾಡುವ ಮುಂಚೆ ಕಾರಣ ಹುಡುಕಿ.

ಈ ಹಂತದಲ್ಲಿ ಕಣ್ಣಿಡಬೇಕಾದ ಅಪಾಯದ ಗುರುತುಗಳು:

- ವೋಲ್ಟೇಜ್ ಬದಲಿಸದೇ ಇದ್ದರೂ ಕರೆಂಟ್ ತಾನಾಗಿ ಏರುತ್ತಾ ಹೋಗುವುದು. ಫಿಲ್ಮ್ ಒಳಗೆ ಬಿಸಿಯಾಗುತ್ತಿರಬಹುದು, ಒಡೆಯುವ ಮುಂಚಿನ ಸೂಚನೆಯೂ ಆಗಿರಬಹುದು. ಕೂಡಲೇ ಇಳಿಸಿ.
- ಚೂಪಾದ ಸ್ಪೈಕ್‌ಗಳು. ಎಲೆಕ್ಟ್ರೋಡ್ ಅಂಚಿನಲ್ಲಿ ಪಾರ್ಶಿಯಲ್ ಡಿಸ್ಚಾರ್ಜ್ ಆಗುತ್ತಿದೆ.
- ಒಂದು ದೊಡ್ಡ ಸ್ಪೈಕ್ ಬಂದು ಮತ್ತೆ ಎಲ್ಲ ಸರಿಹೋದಂತೆ ಕಾಣುವುದು. ತೆಳು ಲೋಹದ ಲೇಪನದಲ್ಲಿ ಒಡೆದ ಜಾಗದ ಲೋಹ ಆವಿಯಾಗಿ ಶಾರ್ಟ್ ತಪ್ಪಿರುತ್ತದೆ. ಆ ಸ್ಯಾಂಪಲ್ ಮುಂದಕ್ಕೆ ಬಳಸಬೇಡಿ, ಅದರ ವಿಸ್ತೀರ್ಣವೂ ಬದಲಾಗಿದೆ.

## ಹಂತ 7: ನೇರ ಗೆರೆ ನೋಡುವ ಮುಂಚೆ ಒಂದು ಸರಳ ಪರೀಕ್ಷೆ

ಸಾಫ್ಟ್‌ವೇರ್ ತೆರೆಯುವ ಮುಂಚೆ ಹೀಗೆ ಮಾಡಿ. ಮೈಕ್ರೋಮೀಟರ್‌ಗೆ 25 ವೋಲ್ಟ್‌ನಲ್ಲಿ ಬಂದ ಕರೆಂಟ್, 100 ವೋಲ್ಟ್‌ನಲ್ಲಿ ಬಂದ ಕರೆಂಟ್, ಇವೆರಡರ ಅನುಪಾತ ತೆಗೆಯಿರಿ. ಫೀಲ್ಡ್ ನಾಲ್ಕು ಪಟ್ಟಾಗಿದೆ.

ಓಮ್ ನಿಯಮ ಇನ್ನೂ ನಡೆಯುತ್ತಿದ್ದರೆ ಕರೆಂಟ್ 4 ಪಟ್ಟು. ಒಳಗೆ ಕೂತ ಚಾರ್ಜೇ ಮುಂದಿನ ಚಾರ್ಜನ್ನು ತಡೆಯುವ ಸ್ಪೇಸ್ ಚಾರ್ಜ್ ಮಿತಿಯ ಕರೆಂಟ್ ಆದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ 16 ಪಟ್ಟು. ಅಯಾನುಗಳು ಅಥವಾ ಎಲೆಕ್ಟ್ರಾನ್‌ಗಳು 2 ನ್ಯಾನೋಮೀಟರ್ ದೂರ ಹಾರುವ ಹಾಪಿಂಗ್ ಆದರೆ ಸುಮಾರು 20 ಪಟ್ಟು. ಲೋಹದಿಂದ ಫಿಲ್ಮ್‌ಗೆ ತಡೆ ದಾಟಿ ಎಲೆಕ್ಟ್ರಾನ್ ಬರುವ ಷಾಟ್ಕಿ ಎಮಿಷನ್ ಆದರೆ ಸುಮಾರು 100 ಪಟ್ಟು. ಫಿಲ್ಮ್‌ನೊಳಗಿನ ಟ್ರ್ಯಾಪ್‌ನಿಂದ ಎಲೆಕ್ಟ್ರಾನ್ ಬಿಡಿಸಿಕೊಳ್ಳುವ ಪೂಲ್-ಫ್ರೆಂಕೆಲ್ ಆದರೆ, ಕರೆಂಟನ್ನು ಫೀಲ್ಡ್‌ನಿಂದ ಭಾಗಿಸಿದ ಮೇಲೂ ಹತ್ತಿರಹತ್ತಿರ 10,000 ಪಟ್ಟು. ಕೊನೆಯ ಎರಡನ್ನು 27 ಡಿಗ್ರಿಯಲ್ಲಿ, ಪಿಇಟಿಯ ರಿಫ್ರ್ಯಾಕ್ಟಿವ್ ಇಂಡೆಕ್ಸ್ ಸರಾಸರಿ 1.6 ಅಂತ ಹಿಡಿದು ಲೆಕ್ಕ ಹಾಕಿದ್ದೇನೆ.

ನಿಮ್ಮ ಕರೆಂಟ್ 30 ಪಟ್ಟು ಮಾತ್ರ ಏರಿದ್ದರೆ ಪೂಲ್-ಫ್ರೆಂಕೆಲ್ ಅಂತ ಬರೆಯುವ ಆಸೆ ಇಲ್ಲೇ ಬಿಡಿ. ವರ್ಗಮೂಲದ ಅಕ್ಷದಲ್ಲಿ ಗೆರೆ ಎಷ್ಟೇ ನೇರ ಕಂಡರೂ ಅಷ್ಟೇ. ಸಣ್ಣ ವ್ಯಾಪ್ತಿಯಲ್ಲಿ ಹಾಪಿಂಗ್ ಗೆರೆಯೂ ಅಲ್ಲಿ ನೇರವಾಗಿಯೇ ಕಾಣುತ್ತದೆ. ಟನೆಲಿಂಗ್ (ಎಲೆಕ್ಟ್ರಾನ್ ತಡೆಯನ್ನು ಹತ್ತದೆ ಅದರೊಳಗಿಂದಲೇ ತೂರಿ ಬರುವುದು) ಅಂತಲೂ ಸುಮ್ನೆ ಬರೆಯಬೇಡಿ. ಈ ದಪ್ಪದ ಫಿಲ್ಮ್‌ನಲ್ಲಿ ಸರಾಸರಿ ಫೀಲ್ಡ್ ಅದಕ್ಕೆ ಬೇಕಾದ್ದಕ್ಕಿಂತ ಬಹಳ ಕೆಳಗಿದೆ.

## ಹಂತ 8: ಇಳಿಜಾರಿನಿಂದ ಡೈಎಲೆಕ್ಟ್ರಿಕ್ ಸ್ಥಿರಾಂಕ

ಷಾಟ್ಕಿ ಪರೀಕ್ಷಿಸಲು ಕರೆಂಟ್ ಡೆನ್ಸಿಟಿಯ ನ್ಯಾಚುರಲ್ ಲಾಗ್ ಹಾಕಿ. ಪೂಲ್-ಫ್ರೆಂಕೆಲ್‌ಗೆ ಕರೆಂಟ್ ಡೆನ್ಸಿಟಿಯನ್ನು ಫೀಲ್ಡ್‌ನಿಂದ ಭಾಗಿಸಿ, ಆಮೇಲೆ ಲಾಗ್. ಎರಡಕ್ಕೂ ಒಂದೇ ಗ್ರಾಫ್ ಬಳಸುವುದು ತುಂಬಾ ಕಾಣುವ ತಪ್ಪು. ಅಡ್ಡ ಅಕ್ಷದಲ್ಲಿ ಫೀಲ್ಡ್‌ನ ವರ್ಗಮೂಲ ಇರಲಿ. ಫೀಲ್ಡ್ ವೋಲ್ಟ್-ಪ್ರತಿ-ಮೀಟರ್‌ನಲ್ಲೇ ಇರಬೇಕು, ಇಲ್ಲವಾದರೆ ಕೆಳಗಿನ ಸಂಖ್ಯೆಗಳು ಹೊಂದುವುದಿಲ್ಲ.

ಇಳಿಜಾರನ್ನು ಬೋಲ್ಟ್ಸ್‌ಮನ್ ಸ್ಥಿರಾಂಕ ಮತ್ತು ಕೆಲ್ವಿನ್ ಉಷ್ಣತೆಯ ಗುಣಲಬ್ಧದಿಂದ ಗುಣಿಸಿ. 27 ಡಿಗ್ರಿಯಲ್ಲಿ ಆ ಗುಣಲಬ್ಧ 0.0259 ಎಲೆಕ್ಟ್ರಾನ್-ವೋಲ್ಟ್. ಬಂದ ಸಂಖ್ಯೆಗೆ ಬೀಟಾ ಅನ್ನೋಣ. ಷಾಟ್ಕಿಯಲ್ಲಿ ಬೀಟಾ ಅಂದರೆ 3.79 × 10⁻⁵ನ್ನು ಡೈಎಲೆಕ್ಟ್ರಿಕ್ ಸ್ಥಿರಾಂಕದ ವರ್ಗಮೂಲದಿಂದ ಭಾಗಿಸಿದ್ದು. ಪೂಲ್-ಫ್ರೆಂಕೆಲ್‌ನಲ್ಲಿ ಅದರ ಎರಡರಷ್ಟು. ಟ್ರ್ಯಾಪ್ ಬಿಟ್ಟು ಹೊರಟ ಎಲೆಕ್ಟ್ರಾನ್ ಹಿಂದೆ ಉಳಿದ ಧನ ಚಾರ್ಜ್ ಅಲ್ಲೇ ನಿಂತಿರುತ್ತದೆ. ಲೋಹದಲ್ಲಿ ಇಮೇಜ್ ಚಾರ್ಜ್ ಎಲೆಕ್ಟ್ರಾನ್ ಜೊತೆಗೇ ಹಿಂದಕ್ಕೆ ಸರಿಯುತ್ತದೆ. ಆ ಎರಡು ಪಟ್ಟು ಅಲ್ಲಿಂದ ಬರುತ್ತದೆ.

ಈಗ ಉಲ್ಟಾ ಲೆಕ್ಕ ಮಾಡಿ ಡೈಎಲೆಕ್ಟ್ರಿಕ್ ಸ್ಥಿರಾಂಕ ತೆಗೆಯಿರಿ. ಪಿಇಟಿಗೆ ಅದು ರಿಫ್ರ್ಯಾಕ್ಟಿವ್ ಇಂಡೆಕ್ಸ್‌ನ ವರ್ಗವಾದ 2.6 ಮತ್ತು ಕಡಿಮೆ ಫ್ರೀಕ್ವೆನ್ಸಿಯ 3.2, ಇವೆರಡರ ಹತ್ತಿರ ಬರಬೇಕು. 0.7 ಬಂತು ಅಥವಾ 15 ಬಂತು ಅಂದರೆ ಆ ಮಾದರಿ ನಿಮ್ಮ ಫಿಲ್ಮ್‌ಗೆ ಹೊಂದುವುದಿಲ್ಲ. ಈ ಒಂದು ಸಂಖ್ಯೆ ಬರೆಯದ ವರದಿಯನ್ನು ನಾನು ನಂಬುವುದಿಲ್ಲ.

ಸಂಖ್ಯೆ ಸರಿ ಬಂದರೂ ಕೆಲಸ ಮುಗಿದಿಲ್ಲ. ಟ್ರ್ಯಾಪ್‌ಗಳು ಯಾವ ರೀತಿ ತುಂಬಿವೆ ಅನ್ನುವುದರ ಮೇಲೆ ಪೂಲ್-ಫ್ರೆಂಕೆಲ್ ಇಳಿಜಾರು ಅರ್ಧಕ್ಕೆ ಇಳಿದು, ಥೇಟ್ ಷಾಟ್ಕಿಯಂತೆ ಕಾಣಬಹುದು. ಇಳಿಜಾರೊಂದೇ ಇವೆರಡನ್ನು ಬೇರೆ ಮಾಡಲಾರದು.

## ಹಂತ 9: ದಪ್ಪ, ಲೋಹ, ಉಷ್ಣತೆ ಬದಲಿಸಿ

ದಪ್ಪ. 12, 23, 36 ಮೈಕ್ರೋಮೀಟರ್ ಫಿಲ್ಮ್‌ಗಳನ್ನು ಒಂದೇ ಫೀಲ್ಡ್‌ನಲ್ಲಿ ಹೋಲಿಸಿ. ಒಂದೇ ವೋಲ್ಟೇಜ್‌ನಲ್ಲಿ ಅಲ್ಲ. ಷಾಟ್ಕಿ, ಪೂಲ್-ಫ್ರೆಂಕೆಲ್, ಹಾಪಿಂಗ್ ಆದರೆ ಕರೆಂಟ್ ಡೆನ್ಸಿಟಿ ದಪ್ಪಕ್ಕೆ ಬದಲಾಗಬಾರದು. ಸ್ಪೇಸ್ ಚಾರ್ಜ್ ಮಿತಿಯದ್ದಾದರೆ ದಪ್ಪ ಎರಡರಷ್ಟಾದಾಗ ಕರೆಂಟ್ ಡೆನ್ಸಿಟಿ ಅರ್ಧವಾಗುತ್ತದೆ. 16 ಪಟ್ಟು, 20 ಪಟ್ಟು ಅಷ್ಟು ಹತ್ತಿರ ಇದ್ದವಲ್ಲ, ಅವನ್ನು ಬೇರೆ ಮಾಡುವುದು ಈ ಪರೀಕ್ಷೆ.

ಲೋಹ. ಒಂದು ಬದಿಗೆ ಅಲ್ಯೂಮಿನಿಯಂ, ಇನ್ನೊಂದು ಬದಿಗೆ ಚಿನ್ನ ಹಾಕಿ. ಅವುಗಳ ವರ್ಕ್ ಫಂಕ್ಷನ್‌ನಲ್ಲಿ (ಲೋಹದಿಂದ ಎಲೆಕ್ಟ್ರಾನ್ ಹೊರಬರಲು ಬೇಕಾದ ಶಕ್ತಿಯಲ್ಲಿ) ಹತ್ತಿರಹತ್ತಿರ 1 ಎಲೆಕ್ಟ್ರಾನ್-ವೋಲ್ಟ್ ವ್ಯತ್ಯಾಸ ಇದೆ. ಹೊಸ ಸ್ಯಾಂಪಲ್‌ನಲ್ಲಿ ಪೊಲಾರಿಟಿ ತಿರುಗಿಸಿ ಅಳೆಯಿರಿ. ಕ್ಯಾಥೋಡ್ ಯಾವುದು ಅನ್ನುವುದರ ಮೇಲೆ ಕರೆಂಟ್ ಬದಲಾದರೆ ಎಲೆಕ್ಟ್ರೋಡ್ ಹತ್ತಿರದ ತಡೆಯೇ ಕರೆಂಟನ್ನು ನಿರ್ಧರಿಸುತ್ತಿದೆ, ಷಾಟ್ಕಿಯ ಕಡೆ ವಾಲಬಹುದು. ಬದಲಾಗದಿದ್ದರೆ ಫಿಲ್ಮ್‌ನ ಒಳಭಾಗವೇ ನಿರ್ಧರಿಸುತ್ತಿರುವ ಸಾಧ್ಯತೆ ಜಾಸ್ತಿ. ಬದಲಾವಣೆ 1 ಎಲೆಕ್ಟ್ರಾನ್-ವೋಲ್ಟ್‌ಗೆ ತಕ್ಕಷ್ಟು ದೊಡ್ಡದಾಗಿ ಬರಬೇಕು ಅಂತ ಕಾಯಬೇಡಿ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್, ಪಾಲಿಮರ್ ಮೇಲ್ಮೈಯ ಸ್ಥಿತಿಗಳು ಆ ತಡೆಯನ್ನು ಬದಲಿಸಿಬಿಡುತ್ತವೆ.

ಉಷ್ಣತೆ. 30, 40, 50, 60 ಡಿಗ್ರಿ ಸಾಕು. ಪ್ರತಿ ಉಷ್ಣತೆಯಲ್ಲೂ ಬೀಟಾ ತೆಗೆಯಿರಿ. ನಾಲ್ಕೂ ಕಡೆ ಹತ್ತಿರಹತ್ತಿರ ಒಂದೇ ಬರಬೇಕು. ಇಳಿಜಾರು ಬದಲಾಗುತ್ತದೆ, ಬೀಟಾ ಬದಲಾಗಬಾರದು. ಬದಲಾದರೆ ಒಂದಕ್ಕಿಂತ ಹೆಚ್ಚು ಬಗೆ ಸೇರಿಕೊಂಡಿವೆ. ಪಿಇಟಿಯ ಗ್ಲಾಸ್ ಟ್ರಾನ್ಸಿಷನ್ ದಾಟಿದ ಮೇಲೆ ಅಯಾನುಗಳ ಓಡಾಟ ಒಮ್ಮೆಲೇ ಸಲೀಸಾಗುತ್ತದೆ. ಆದ್ದರಿಂದ 60ರ ಕೆಳಗಿನ, 80ರ ಮೇಲಿನ ಬಿಂದುಗಳನ್ನು ಒಂದೇ ಗೆರೆಯಲ್ಲಿ ಜೋಡಿಸಬೇಡಿ.

## ಹಂತ 10: ವರದಿಯಲ್ಲಿ ಏನು ಬರೆಯಬೇಕು

ಫಿಲ್ಮ್ ದಪ್ಪ ಹೇಗೆ ಅಳೆದಿರಿ, ಎಷ್ಟು ಹೊತ್ತು ಒಣಗಿಸಿದಿರಿ, ಎಲೆಕ್ಟ್ರೋಡ್ ಯಾವ ಲೋಹ, ಪ್ರತಿ ಬಿಂದುವಿನಲ್ಲಿ ಎಷ್ಟು ಹೊತ್ತು ಕಾದಿರಿ, ಖಾಲಿ ಫಿಕ್ಸ್ಚರ್ ಕರೆಂಟ್ ಎಷ್ಟು, ಇವೆಲ್ಲ ಇರಲಿ. ಕರೆಂಟ್-ಸಮಯದ ಗ್ರಾಫ್ ಒಂದನ್ನಾದರೂ ಹಾಕಿ. ಓದುವವರು ಮೊದಲು ಹುಡುಕಬೇಕಾದ್ದು ಅದನ್ನೇ.

ಪರೀಕ್ಷೆಗಳು ಒಂದೇ ಕಡೆ ಬೆರಳು ತೋರಿಸಿದರೆ ಬಗೆಯ ಹೆಸರು ಬರೆಯಿರಿ. ತೋರಿಸದಿದ್ದರೆ ಯಾವ ಬಗೆಗಳನ್ನು ತಳ್ಳಿಹಾಕಲು ಆಯಿತು, ಯಾವುದು ಉಳಿಯಿತು ಅಂತ ಬರೆಯಿರಿ. "ದಪ್ಪ ಬದಲಾದರೂ ಕರೆಂಟ್ ಡೆನ್ಸಿಟಿ ಬದಲಾಗಲಿಲ್ಲ, ಆದ್ದರಿಂದ ಸ್ಪೇಸ್ ಚಾರ್ಜ್ ಮಿತಿ ಅಲ್ಲ, ಷಾಟ್ಕಿ, ಪೂಲ್-ಫ್ರೆಂಕೆಲ್ ಎರಡೂ ಉಳಿದಿವೆ" ಅನ್ನುವ ವಾಕ್ಯ ಗೌರವದ ಫಲಿತಾಂಶವೇ. ಆ ಎರಡರ ಮಧ್ಯೆ ತೀರ್ಮಾನಿಸಲು ಮುಂದೆ ಬರುವವರು ಚಿನ್ನದ ಎಲೆಕ್ಟ್ರೋಡ್‌ನಿಂದ ಶುರು ಮಾಡಬಹುದು.